ಮಹಾವಾನರಗಳ ನೆನಪು ಮತ್ತು ಮರೆವು: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯದಲ್ಲಿ ಗೊರಿಲ್ಲಾ, ಚಿಂಪಾಂಜಿ ಅಥವಾ ಒರಾಂಗುಟಾನ್‌ಗಳ ಆವರಣದ ಮುಂದೆ ಸ್ವಲ್ಪ ಹೊತ್ತು ನಿಂತರೆ, “ಅದಕ್ಕೆ ನಮ್ಮ ಗುರುತು ಸಿಗುತ್ತದೆಯೇ?”, “ನಾಳೆಗೆ ಇದೆಲ್ಲ ನೆನಪಿರುತ್ತದೆಯೇ?” ಎಂಬ ಮಾತುಗಳು ಸುತ್ತಮುತ್ತಲಿನಿಂದ ಕಿವಿಗೆ ಬೀಳುತ್ತಲೇ ಇರುತ್ತವೆ. ಮೈಸೂರು ಮತ್ತು ಮಂಡ್ಯ ಭಾಗದ ಶಿಕ್ಷಕರು, ಪೋಷಕರು ಮತ್ತು ವಿದ್ಯಾರ್ಥಿಗಳು ಕೇಳುವ ಇಂತಹ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ವಿವರ ಬೇಡುವ ವಿಷಯಗಳಿಗೆ ದೀರ್ಘವಾಗಿಯೂ ಉಳಿದವುಗಳಿಗೆ ಚುಟುಕಾಗಿಯೂ ಉತ್ತರ ಕೊಟ್ಟಿದ್ದೇನೆ.

ಮಹಾವಾನರಗಳೆಂದರೆ ಯಾವುವು? ಚಾಮುಂಡಿ ಬೆಟ್ಟದ ಕೋತಿಗಳೂ ಅದರಲ್ಲಿ ಸೇರುತ್ತವೆಯೇ?

ಸೇರುವುದಿಲ್ಲ. ಚಿಂಪಾಂಜಿ, ಬೊನೊಬೊ, ಗೊರಿಲ್ಲಾ ಮತ್ತು ಒರಾಂಗುಟಾನ್ ಇವು ಮಹಾವಾನರಗಳು. ಜೀವಶಾಸ್ತ್ರದ ವರ್ಗೀಕರಣದಲ್ಲಿ ಮನುಷ್ಯನೂ ಇದೇ ಕುಟುಂಬಕ್ಕೆ ಸೇರಿದವನು. ಇವುಗಳಿಗೆ ಬಾಲವಿಲ್ಲ, ಆಯುಸ್ಸು ದೀರ್ಘ, ತಾಯಿ ಮರಿಯನ್ನು ಹಲವು ವರ್ಷ ಜೊತೆಯಲ್ಲೇ ಇಟ್ಟುಕೊಂಡು ಸಾಕುತ್ತದೆ. ಮೊದಲ ಮೂರು ಆಫ್ರಿಕಾದ ಕಾಡುಗಳಲ್ಲಿಯೂ ಒರಾಂಗುಟಾನ್ ಬೋರ್ನಿಯೊ ಮತ್ತು ಸುಮಾತ್ರಾ ದ್ವೀಪಗಳಲ್ಲಿಯೂ ಇವೆ. ಚಾಮುಂಡಿ ಬೆಟ್ಟದಲ್ಲಿ, ಮೇಲುಕೋಟೆಯಲ್ಲಿ ಕಾಣುವ ಕೋತಿ ಮತ್ತು ಮುಸಿಯಗಳು ಬಾಲವುಳ್ಳ ಬೇರೆ ಗುಂಪಿನವು. ನಮ್ಮ ದೇಶದ ಕಾಡಿನಲ್ಲಿ ಸಹಜವಾಗಿ ಬದುಕುವ ವಾನರವೆಂದರೆ ಈಶಾನ್ಯ ರಾಜ್ಯಗಳ ಹೂಲಾಕ್ ಗಿಬ್ಬನ್ ಮಾತ್ರ, ಅದು ಕಿರುವಾನರ. ಕೋತಿಗಳ ಬದುಕೂ ಅಷ್ಟೇ ಸ್ವಾರಸ್ಯಕರವಾದುದು. ಮೈಸೂರು ವಿಶ್ವವಿದ್ಯಾನಿಲಯದ ಮೇವಾ ಸಿಂಗ್ ಅವರು ಮತ್ತು ಅವರ ಸಂಗಡಿಗರು ಸಿಂಗಳೀಕವೂ ಸೇರಿದಂತೆ ದಕ್ಷಿಣ ಭಾರತದ ಕೋತಿಗಳ ಬಗ್ಗೆ ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ.

ನೆನಪಿನ ಶಕ್ತಿ ಎಂಬುದು ಒಂದೇ ಶಕ್ತಿಯೇ?

ಅಲ್ಲ, ಮತ್ತು ಇದನ್ನು ಆರಂಭದಲ್ಲೇ ಸ್ಪಷ್ಟಪಡಿಸಿಕೊಳ್ಳದಿದ್ದರೆ ಮುಂದಿನ ಯಾವ ಉತ್ತರವೂ ಸರಿಯಾಗಿ ಅರ್ಥವಾಗುವುದಿಲ್ಲ. ಕೆಲವು ಸೆಕೆಂಡುಗಳ ಮಟ್ಟಿಗೆ ಒಂದು ವಿಷಯವನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಕೆಲಸ ಮಾಡುವುದು ಒಂದು ಬಗೆ. ಕಲ್ಲಿನಿಂದ ಕಾಯಿ ಒಡೆಯುವಂತಹ ಕೈಚಳಕ ಮೈಗೂಡಿರುವುದು ಇನ್ನೊಂದು ಬಗೆ. ಯಾವ ಮರ ಎಲ್ಲಿದೆ, ಯಾರು ಯಾರಿಗೆ ಏನಾಗಬೇಕು ಎಂಬ ತಿಳಿವಳಿಕೆ ಮತ್ತೊಂದು. ಇವೆಲ್ಲಕ್ಕಿಂತ ಭಿನ್ನವಾದದ್ದು, ಒಂದಾನೊಂದು ದಿನ, ಒಂದು ಜಾಗದಲ್ಲಿ, ತನ್ನ ಕಣ್ಣೆದುರು ನಡೆದ ಘಟನೆಯ ನೆನಪು. ಇದನ್ನು ಉಳಿದ ತಿಳಿವಳಿಕೆಯಿಂದ ಬೇರ್ಪಡಿಸಿ 1972ರಲ್ಲಿ ವಿವರಿಸಿದವರು ಮನಶ್ಶಾಸ್ತ್ರಜ್ಞ ಎಂಡೆಲ್ ಟುಲ್ವಿಂಗ್. ಈ ಘಟನಾ ಸ್ಮೃತಿಯು ಮನುಷ್ಯರಿಗೆ ಮಾತ್ರ ಇರುವಂಥದ್ದು ಎಂಬುದು ಅವರ ನಿಲುವಾಗಿತ್ತು. ಮಹಾವಾನರಗಳ ಮೇಲೆ ಮುಂದೆ ನಡೆದ ಪ್ರಯೋಗಗಳಲ್ಲಿ ಹಲವು ಈ ನಿಲುವನ್ನು ಪರೀಕ್ಷಿಸಲೆಂದೇ ನಡೆದವು.

ಚಿಂಪಾಂಜಿಯ ನೆನಪಿನ ಶಕ್ತಿ ಮನುಷ್ಯನಿಗಿಂತ ಹೆಚ್ಚು ಎಂದು ಓದಿದ್ದೇವೆ. ಅದು ನಿಜವೇ?

ಒಂದು ನಿರ್ದಿಷ್ಟ ಪರೀಕ್ಷೆಯ ಮಟ್ಟಿಗೆ ನಡೆದ ಸಂಗತಿಯನ್ನು ಎಲ್ಲ ಬಗೆಯ ನೆನಪಿಗೂ ವಿಸ್ತರಿಸಿ ಹೇಳಿದ್ದರಿಂದ ಹುಟ್ಟಿದ ಮಾತು ಇದು. ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯಕ್ಕೆ ಸೇರಿದ, ಇನುಯಾಮಾ ಊರಿನ ಸಂಶೋಧನಾ ಸಂಸ್ಥೆಯಲ್ಲಿ ತೆತ್ಸುರೊ ಮಾತ್ಸುಜಾವಾ ಅವರು ಐ ಎಂಬ ಹೆಣ್ಣು ಚಿಂಪಾಂಜಿಗೆ ಅಂಕಿಗಳನ್ನು ಕಲಿಸಿದ್ದರು. ಐಗೆ 2000ದಲ್ಲಿ ಹುಟ್ಟಿದ ಮಗನೇ ಅಯುಮು. ಪರೀಕ್ಷೆ ಹೀಗಿತ್ತು: ಸ್ಪರ್ಶಪರದೆಯ ಮೇಲೆ 1ರಿಂದ 9ರವರೆಗಿನ ಅಂಕಿಗಳು ಅಲ್ಲಲ್ಲಿ ಚದುರಿದಂತೆ ಕಾಣಿಸಿಕೊಳ್ಳುತ್ತವೆ, ಅಯುಮು 1ನ್ನು ಮುಟ್ಟಿದ ಕೂಡಲೇ ಉಳಿದ ಅಂಕಿಗಳೆಲ್ಲ ಬಿಳಿಯ ಚೌಕಗಳಾಗಿ ಮಾರ್ಪಡುತ್ತವೆ, ಯಾವ ಚೌಕದ ಹಿಂದೆ ಯಾವ ಅಂಕಿಯಿತ್ತು ಎಂಬುದನ್ನು ನೆನಪಿಟ್ಟುಕೊಂಡು ಏರಿಕೆಯ ಕ್ರಮದಲ್ಲಿ ಮುಟ್ಟುತ್ತಾ ಹೋಗಬೇಕು. ಇದಕ್ಕಿಂತ ಕಠಿಣವಾದ ಇನ್ನೊಂದು ಆವೃತ್ತಿಯಲ್ಲಿ ಐದು ಅಂಕಿಗಳು ಕೇವಲ 210 ಮಿಲಿಸೆಕೆಂಡು, ಅಂದರೆ ಕಣ್ಣು ಪರದೆಯ ಒಂದು ಮೂಲೆಯಿಂದ ಇನ್ನೊಂದಕ್ಕೆ ಹೊರಳುವುದಕ್ಕೂ ಸಾಲದಷ್ಟು ಹೊತ್ತು, ಮಿಂಚಿ ಮರೆಯಾಗುತ್ತಿದ್ದವು. ಸನಾ ಇನೊವೆ ಮತ್ತು ಮಾತ್ಸುಜಾವಾ 2007ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅಷ್ಟು ಅಲ್ಪ ಕಾಲದಲ್ಲಿಯೂ ಅಯುಮು ಸುಮಾರು ಶೇಕಡ 80ರಷ್ಟು ಸಲ ಸರಿಯಾಗಿ ಮುಟ್ಟಿದರೆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಸುಮಾರು ಶೇಕಡ 40ರಲ್ಲಿಯೇ ಉಳಿದರು.

ಆದರೆ ಅಯುಮುವಿಗೆ ಈ ಆಟದಲ್ಲಿ ದೀರ್ಘ ಕಾಲದ ಅಭ್ಯಾಸವಿತ್ತು, ವಿದ್ಯಾರ್ಥಿಗಳಿಗೆ ಇರಲಿಲ್ಲ. ಮನುಷ್ಯರಿಗೂ ಸಾಕಷ್ಟು ಅಭ್ಯಾಸ ಮಾಡಿಸಿದಾಗ ಅವರೂ ಅಯುಮುವಿನ ಮಟ್ಟವನ್ನು ಮುಟ್ಟಬಲ್ಲರು ಎಂಬುದನ್ನು 2009 ಮತ್ತು 2010ರಲ್ಲಿ ಬೇರೆ ಸಂಶೋಧಕರು ತೋರಿಸಿದರು. ಆದ್ದರಿಂದ “ಚಿಂಪಾಂಜಿ ಮನುಷ್ಯನನ್ನು ಸೋಲಿಸಿತು” ಎಂಬ ಶೀರ್ಷಿಕೆಯನ್ನು ಕೈಬಿಡುವುದು ಒಳ್ಳೆಯದು. ಹಾಗೆಂದು ಅಯುಮುವಿನ ಸಾಧನೆ ಸಣ್ಣದಾಗುವುದಿಲ್ಲ: ಭಾಷೆಯಿಲ್ಲದ ಒಂದು ಪ್ರಾಣಿ ಒಂಬತ್ತು ಅಂಕಿಗಳ ಕ್ರಮವನ್ನೂ ಅವುಗಳ ಸ್ಥಾನವನ್ನೂ ಒಂದೇ ನೋಟದಲ್ಲಿ ಹಿಡಿಯಬಲ್ಲದು ಎಂಬ ಮಾತು ಯಾರ ಜೊತೆಗೂ ಹೋಲಿಸದೆಯೇ ಬೆರಗು ಹುಟ್ಟಿಸುವಂಥದ್ದು. ನಮ್ಮ ಪೂರ್ವಜರು ಭಾಷೆಯನ್ನು ಪಡೆಯುವ ದಾರಿಯಲ್ಲಿ ಇಂತಹ ತಕ್ಷಣದ ನೆನಪನ್ನು ಕಳೆದುಕೊಂಡಿರಬಹುದು ಎಂಬುದು ಮಾತ್ಸುಜಾವಾ ಅವರ ಊಹೆ. ಅದು ಊಹೆಯಾಗಿಯೇ ಉಳಿದಿದೆ.

ಹಳೆಯ ಜೊತೆಗಾರರನ್ನು ಎಷ್ಟು ವರ್ಷಗಳ ನಂತರವೂ ಗುರುತಿಸಬಲ್ಲವು?

ಇಪ್ಪತ್ತು ವರ್ಷಗಳಿಗೂ ಮೀರಿ. ಇದಕ್ಕೆ ಈವರೆಗಿನ ಅತ್ಯುತ್ತಮ ಪುರಾವೆ 2023ರ ಡಿಸೆಂಬರ್‌ನಲ್ಲಿ ಪ್ರಕಟವಾದ, ಲಾರಾ ಲೂಯಿಸ್, ಕ್ರಿಸ್ಟೋಫರ್ ಕ್ರುಪೆನ್ಯೆ ಮತ್ತು ಸಂಗಡಿಗರ ಅಧ್ಯಯನ. ಸ್ಕಾಟ್ಲೆಂಡಿನ ಎಡಿನ್‌ಬರೊ ಮೃಗಾಲಯ, ಬೆಲ್ಜಿಯಂನ ಪ್ಲಾಂಕೆಂಡಾಲ್ ಮೃಗಾಲಯ ಮತ್ತು ಜಪಾನಿನ ಕುಮಾಮೊಟೊ ಆಶ್ರಯಧಾಮದ ಒಟ್ಟು 26 ಚಿಂಪಾಂಜಿ ಮತ್ತು ಬೊನೊಬೊಗಳು ಇದರಲ್ಲಿ ಪಾಲ್ಗೊಂಡವು. ಪ್ರಾಣಿಯು ತನ್ನಿಷ್ಟದಂತೆ ಬಂದು ಹಣ್ಣಿನ ರಸ ಹೀರುತ್ತಿರುವಾಗ ಎದುರಿನ ಪರದೆಯಲ್ಲಿ ಅಕ್ಕಪಕ್ಕದಲ್ಲಿ ಎರಡು ಚಿತ್ರಗಳು ಕ್ಷಣಕಾಲ ಮೂಡುತ್ತಿದ್ದವು. ಒಂದು, ಹಿಂದೆ ತನ್ನ ಗುಂಪಿನಲ್ಲಿದ್ದು ಅಗಲಿಹೋದ ಅಥವಾ ತೀರಿಹೋದ ಜೊತೆಗಾರನದು. ಇನ್ನೊಂದು, ಎಂದೂ ನೋಡಿರದ ಅಪರಿಚಿತನದು. ಕಣ್ಣಿನ ಚಲನೆಯನ್ನು ಅಳೆಯುವ ಯಂತ್ರವು ನೋಟ ಎತ್ತ ಹೆಚ್ಚು ಹೊತ್ತು ನಿಂತಿತೆಂದು ದಾಖಲಿಸುತ್ತಿತ್ತು. ಇಲ್ಲಿ ಪ್ರಾಣಿಗೆ ಯಾವ ತರಬೇತಿಯನ್ನೂ ಕೊಟ್ಟಿರಲಿಲ್ಲ, ಸರಿ ತಪ್ಪು ಎಂಬ ಪ್ರಶ್ನೆಯೂ ಇರಲಿಲ್ಲ.

ನೋಟ ಹಳೆಯ ಜೊತೆಗಾರನ ಕಡೆಗೇ ಹೆಚ್ಚು ವಾಲಿತು, ಮತ್ತು ಯಾರೊಂದಿಗೆ ಸ್ನೇಹವಿತ್ತೋ ಅವರ ಚಿತ್ರದ ಮೇಲೆ ಇನ್ನೂ ಹೆಚ್ಚು ಹೊತ್ತು ನಿಂತಿತು. ಲೂಯೀಸ್ ಎಂಬ ಬೊನೊಬೊ ತನ್ನ ಅಕ್ಕತಂಗಿಯರಲ್ಲಿ ಒಬ್ಬಳಾದ ಲೊರೆಟಾಳನ್ನೂ ಅವಳ ಮಗ ಎರಿನ್‌ನನ್ನೂ ನೋಡಿ 26 ವರ್ಷಗಳಾಗಿದ್ದವು. ಆದರೂ ಅವಳ ಕಣ್ಣು ಅವರ ಚಿತ್ರಗಳನ್ನು ಹುಡುಕಿ ನಿಂತಿತು. ಮನುಷ್ಯನನ್ನು ಹೊರತುಪಡಿಸಿದರೆ ಪ್ರಾಣಿಗಳಲ್ಲಿ ದಾಖಲಾದ ಅತಿ ದೀರ್ಘ ಸಾಮಾಜಿಕ ನೆನಪು ಇದೇ ಎಂದು ಸಂಶೋಧಕರು ಹೇಳಿದರು. ಆ ಕ್ಷಣ ಲೂಯೀಸಳ ಮನಸ್ಸಿನಲ್ಲಿ ಏನು ಮೂಡಿತು ಎಂಬುದನ್ನು ನೋಟದ ಅವಧಿ ಹೇಳಲಾರದು. ಗುರುತು ಉಳಿದಿದೆ, ಮತ್ತು ಆ ಗುರುತಿಗೆ ಸಂಬಂಧದ ಬಣ್ಣವೂ ಅಂಟಿಕೊಂಡಿದೆ ಎಂಬಷ್ಟನ್ನು ಅದು ಖಚಿತವಾಗಿ ಹೇಳುತ್ತದೆ.

ಸಾಯುವ ಸ್ಥಿತಿಯಲ್ಲಿದ್ದ ಚಿಂಪಾಂಜಿ ಹಳೆಯ ಪ್ರಾಧ್ಯಾಪಕರನ್ನು ಗುರುತಿಸಿ ಅಪ್ಪಿಕೊಳ್ಳುವ ವಿಡಿಯೊ ನಿಜವೇ?

ನಿಜ. ನೆದರ್ಲೆಂಡ್ಸ್‌ನ ಆರ್ನೆಮ್‌ನಲ್ಲಿರುವ ಬರ್ಗರ್ಸ್ ಮೃಗಾಲಯದ ಮಾಮಾ ಎಂಬ ಚಿಂಪಾಂಜಿಯನ್ನು 2016ರಲ್ಲಿ ಯಾನ್ ವಾನ್ ಹೂಫ್ ಅವರು ಕೊನೆಯ ಬಾರಿ ಕಂಡ ಸಂದರ್ಭ ಅದು. ಮಾಮಾಳಿಗೆ ಆಗ 59 ವರ್ಷ, ಅವರಿಬ್ಬರ ಪರಿಚಯ ನಾಲ್ಕು ದಶಕಗಳಿಗೂ ಹಳೆಯದು. ನಿತ್ರಾಣವಾಗಿ ಮಲಗಿದ್ದವಳು ಅವರ ಮುಖ ಕಂಡ ಕೂಡಲೇ ಹಲ್ಲು ಬಿಟ್ಟು ನಕ್ಕು, ಕೈ ಚಾಚಿ ಅವರ ತಲೆಯನ್ನು ನೇವರಿಸಿದಳು. ಇದು ಪ್ರಯೋಗವಲ್ಲ, ಇಬ್ಬರ ಭೇಟಿಗಳ ನಡುವೆ ದಶಕಗಳ ಅಂತರವೂ ಇರಲಿಲ್ಲ. ಅಗಲಿಕೆಯ ನಂತರದ ನೆನಪಿಗೆ ಪುರಾವೆಯಾಗಿ ಇದನ್ನು ಬಳಸದೆ, ದೀರ್ಘ ಪರಿಚಯದ ಆಳಕ್ಕೆ ಸಾಕ್ಷಿಯಾಗಿ ನೋಡುವುದು ಸರಿ.

ನಡೆದ ಒಂದು ಘಟನೆಯನ್ನು ಅವು ನೆನಪಿಸಿಕೊಳ್ಳುತ್ತವೆಯೇ?

ಎರಡು ಪ್ರಯೋಗಗಳನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಎರಡರಲ್ಲೂ ಮುಖ್ಯ ಪಾತ್ರ ವಹಿಸಿದವರು ಜೆಮಾ ಮಾರ್ಟಿನ್-ಒರ್ದಾಸ್.

2010ರಲ್ಲಿ ಪ್ರಕಟವಾದ ಮೊದಲನೆಯದರಲ್ಲಿ ವಾನರಗಳ ಎದುರು ಬೇರೆ ಬೇರೆ ಜಾಗದಲ್ಲಿ ಎರಡು ತಿನಿಸುಗಳನ್ನು ಅಡಗಿಸಿಡಲಾಗುತ್ತಿತ್ತು: ಅವುಗಳಿಗೆ ಬಹಳ ಪ್ರಿಯವಾದ ಹೆಪ್ಪುಗಟ್ಟಿಸಿದ ಹಣ್ಣಿನ ರಸ ಮತ್ತು ಅಷ್ಟೇನೂ ಪ್ರಿಯವಲ್ಲದ ದ್ರಾಕ್ಷಿ. ಐದು ನಿಮಿಷದ ನಂತರ ಆಯ್ದುಕೊಳ್ಳಲು ಬಿಟ್ಟರೆ ರಸ ಇನ್ನೂ ಗಟ್ಟಿಯಾಗಿರುತ್ತದೆ. ಒಂದು ಗಂಟೆಯ ನಂತರ ಬಿಟ್ಟರೆ ಕರಗಿ ಹೋಗಿರುತ್ತದೆ. ವಾನರಗಳು ಐದು ನಿಮಿಷದ ನಂತರ ರಸದ ಜಾಗಕ್ಕೆ ಕೈ ಹಾಕುತ್ತಿದ್ದವು, ಒಂದು ಗಂಟೆಯ ನಂತರ ದ್ರಾಕ್ಷಿಯ ಕಡೆಗೆ ಹೊರಳುತ್ತಿದ್ದವು. ಏನು, ಎಲ್ಲಿ, ಎಷ್ಟು ಹೊತ್ತಿನ ಹಿಂದೆ ಎಂಬ ಮೂರನ್ನೂ ಒಟ್ಟುಗೂಡಿಸಿ ಇಟ್ಟುಕೊಳ್ಳದೆ ಹೀಗೆ ಮಾಡುವುದು ಸಾಧ್ಯವಿಲ್ಲ.

2013ರ ಎರಡನೆಯ ಪ್ರಯೋಗದಲ್ಲಿ ಪಾಲ್ಗೊಂಡಿದ್ದ ಚಿಂಪಾಂಜಿ ಮತ್ತು ಒರಾಂಗುಟಾನ್‌ಗಳ ಎದುರು, ಮೂರು ವರ್ಷಗಳ ಹಿಂದೆ, ಒಬ್ಬ ಸಂಶೋಧಕಿ ಉಪಕರಣಗಳನ್ನು ಅಡಗಿಸಿಟ್ಟಿದ್ದರು. ಕೈಗೆಟುಕದ ತಿನಿಸನ್ನು ತೆಗೆಯಲು ಆ ಉಪಕರಣ ಬೇಕು, ಅದಕ್ಕಾಗಿ ಪಕ್ಕದ ಕೋಣೆಗಳಲ್ಲಿ ಹುಡುಕಬೇಕು. ಹೀಗೆ ನಡೆದದ್ದು ನಾಲ್ಕೇ ಬಾರಿ. ಮೂರು ವರ್ಷಗಳಾದ ಮೇಲೆ ಅದೇ ಸಂಶೋಧಕಿ, ಅದೇ ಕೋಣೆಯಲ್ಲಿ, ಅದೇ ತಿನಿಸನ್ನು ಅದೇ ರೀತಿ ಎದುರಿಗಿಟ್ಟರು. ಈ ಸಲ ಉಪಕರಣ ಅಡಗಿಸುವುದನ್ನು ತೋರಿಸಲಿಲ್ಲ. ಹಿಂದಿನ ಅನುಭವವಿದ್ದ ವಾನರಗಳಲ್ಲಿ ಹೆಚ್ಚಿನವು ಕೆಲವೇ ಸೆಕೆಂಡುಗಳಲ್ಲಿ ನೇರವಾಗಿ ಸರಿಯಾದ ಜಾಗಕ್ಕೆ ಹೋದವು. ಆ ಅನುಭವವಿಲ್ಲದ ವಾನರಗಳಿಗೆ ಅದು ಸಾಧ್ಯವಾಗಲಿಲ್ಲ.

ಈ ಎರಡನೆಯ ಪ್ರಯೋಗದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ಮೂರು ವರ್ಷ ಎಂಬ ಅವಧಿಗಿಂತ ಹೆಚ್ಚಾಗಿ, ನೆನಪು ಎದ್ದು ಬಂದ ಬಗೆ. ಅದೇ ಮುಖ, ಅದೇ ಕೋಣೆ, ಅದೇ ಜೋಡಣೆ ಎಂಬ ಸುಳಿವುಗಳು ಒಟ್ಟಾಗಿ ಬಂದಾಗ ನೆನಪು ತಾನಾಗಿ ಎದ್ದಿತು. ಮಂಡ್ಯದ ಕಡೆ ಬೆಳೆದವರಿಗೆ, ಎಷ್ಟೋ ವರ್ಷಗಳ ನಂತರ ರಸ್ತೆ ಬದಿಯ ಆಲೆಮನೆಯಿಂದ ಬೆಲ್ಲ ಕಾಯುವ ವಾಸನೆ ಮೂಗಿಗೆ ತಾಗಿದೊಡನೆ, ಕರೆಯದೆಯೇ ಬಾಲ್ಯದ ಒಂದು ದಿನ ಕಣ್ಣ ಮುಂದೆ ಬಂದು ನಿಲ್ಲುವುದು ಕೂಡ ಇದೇ ಬಗೆಯ ನೆನಪು. ಮನುಷ್ಯರಲ್ಲಿ ಇಂತಹ ತಾನಾಗಿ ಬರುವ ನೆನಪುಗಳ ಬಗ್ಗೆ ಬಹುಕಾಲ ಸಂಶೋಧನೆ ನಡೆಸಿದ ಡೆನ್ಮಾರ್ಕಿನ ಡಾರ್ಟೆ ಬರ್ಂಟ್ಸನ್ ಅವರು ಈ ಅಧ್ಯಯನದ ಸಹಲೇಖಕರಲ್ಲಿ ಒಬ್ಬರಾಗಿದ್ದುದು ಕಾಕತಾಳೀಯವಲ್ಲ. ನೆನಪು ಒಳಗೆ ಉಳಿದಿರುವುದು ಬೇರೆ, ಬೇಕಾದ ಹೊತ್ತಿಗೆ ಅದು ಮೇಲೆ ಬರುವುದು ಬೇರೆ. ಮಹಾವಾನರಗಳ ಬಗ್ಗೆ ನಾವು ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಈ ಎರಡನ್ನು ಒಂದೇ ಎಂದು ತಿಳಿದು ಕೇಳುವ ಪ್ರಶ್ನೆಗಳು.

ಹಾಗಾದರೆ ಸುಳಿವಿಲ್ಲದೆ, ತಾವಾಗಿಯೇ ಬಯಸಿ ಏನನ್ನೂ ನೆನಪಿಸಿಕೊಳ್ಳಲಾರವೇ?

ನೆನಪಿಸಿಕೊಳ್ಳಬಲ್ಲವು ಎಂಬುದಕ್ಕೆ ಪ್ಯಾನ್ಜಿ ಎಂಬ ಚಿಂಪಾಂಜಿಯ ಉದಾಹರಣೆಯಿದೆ. ಅಮೆರಿಕದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದ ಭಾಷಾ ಸಂಶೋಧನಾ ಕೇಂದ್ರದಲ್ಲಿದ್ದ ಪ್ಯಾನ್ಜಿಗೆ ಫಲಕದ ಮೇಲಿನ ಚಿಹ್ನೆಗಳನ್ನು ಮುಟ್ಟಿ ವಸ್ತುಗಳ ಹೆಸರು ಹೇಳುವ ವಿಧಾನವನ್ನು ಕಲಿಸಲಾಗಿತ್ತು. ಅವಳು ಆವರಣದೊಳಗಿನಿಂದ ನೋಡುತ್ತಿರುವಾಗ ಸಂಶೋಧಕ ಚಾರ್ಲ್ಸ್ ಮೆಂಜೆಲ್ ಹೊರಗಿನ ಮರಗಿಡಗಳ ನಡುವೆ, ನೆಲದ ತರಗೆಲೆಯ ಅಡಿಯಲ್ಲಿ, ಒಂದು ವಸ್ತುವನ್ನು ಅಡಗಿಸುತ್ತಿದ್ದರು. ಮತ್ತೆ, ಕೆಲವೊಮ್ಮೆ ಮರುದಿನವೇ, ಅಡಗಿಸಿದ ಸಂಗತಿ ಏನೂ ಗೊತ್ತಿಲ್ಲದ ಪಾಲಕರೊಬ್ಬರು ಒಳಗೆ ಬಂದಾಗ ಪ್ಯಾನ್ಜಿ ತಾನೇ ಅವರ ಗಮನ ಸೆಳೆದು, ಅಡಗಿಸಿಟ್ಟ ವಸ್ತುವಿನ ಚಿಹ್ನೆಯನ್ನು ಮುಟ್ಟಿ, ಹೊರಗೆ ಬೆರಳು ತೋರಿಸಿ, ಅವರು ಸರಿಯಾದ ಜಾಗಕ್ಕೆ ತಲಪುವವರೆಗೂ ಸನ್ನೆ ಮಾಡುತ್ತಿದ್ದಳು. 1999ರಲ್ಲಿ ಪ್ರಕಟವಾದ ಈ ವರದಿಯಲ್ಲಿ 16 ಗಂಟೆಗಳವರೆಗಿನ ಅಂತರದ ನಂತರವೂ ಹೀಗೆ ನಡೆದದ್ದು ದಾಖಲಾಗಿದೆ. ವಸ್ತು ಕಣ್ಣಿಗೆ ಕಾಣದಿರುವಾಗ ಅದರ ಹೆಸರನ್ನು ಹೇಳುವುದು ಕಂಡಾಗ ಗುರುತಿಸುವುದಕ್ಕಿಂತ ಕಠಿಣವಾದ ಕೆಲಸ ಎಂಬುದನ್ನು ಪರೀಕ್ಷೆ ಬರೆದ ಪ್ರತಿಯೊಬ್ಬ ವಿದ್ಯಾರ್ಥಿಯೂ ಬಲ್ಲ.

ಕಾಡಿನಲ್ಲಿ ಈ ನೆನಪಿನಿಂದ ಅವುಗಳಿಗೆ ಏನು ಪ್ರಯೋಜನ?

ಹೊಟ್ಟೆ ತುಂಬುವುದು. ಮಳೆಕಾಡಿನಲ್ಲಿ ಹಣ್ಣಿನ ಮರಗಳು ಚದುರಿಕೊಂಡಿರುತ್ತವೆ. ಎಲ್ಲವೂ ಒಟ್ಟಿಗೆ ಹಣ್ಣು ಬಿಡುವುದಿಲ್ಲ, ಬಿಟ್ಟ ಹಣ್ಣನ್ನು ಹಕ್ಕಿ, ಕೋತಿಗಳು ಬೇಗ ಖಾಲಿ ಮಾಡುತ್ತವೆ. ಐವರಿ ಕೋಸ್ಟ್‌ನ ‘ತಾಯಿ’ ಎಂಬ ಹೆಸರಿನ ರಾಷ್ಟ್ರೀಯ ಉದ್ಯಾನದಲ್ಲಿ ಕ್ರಿಸ್ಟೋಫ್ ಬೋಶ್ ಅವರ ತಂಡ ದಶಕಗಳ ಕಾಲ ಚಿಂಪಾಂಜಿಗಳನ್ನು ಹಿಂಬಾಲಿಸಿ ಕಂಡುಕೊಂಡಂತೆ, ಅವು ಅಲ್ಲಿ ಅನೇಕ ಮರಗಳ ಸ್ಥಾನವನ್ನೂ ಕಾಯಿ ಒಡೆಯಲು ಬಳಸುವ ಕಲ್ಲುಗಳನ್ನು ಎಲ್ಲೆಲ್ಲಿ ಬಿಟ್ಟಿದ್ದವೆಂಬುದನ್ನೂ ನೆನಪಿಟ್ಟುಕೊಳ್ಳುತ್ತವೆ. ಕಾರ್ಲೈನ್ ಯಾನ್‌ಮಾಟ್ ಅವರು 2014ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಕಾಲದ ಆಯಾಮವನ್ನು ಸೇರಿಸಿತು: ಬೇಗ ಖಾಲಿಯಾಗುವ ಅತ್ತಿ ಜಾತಿಯ ಹಣ್ಣುಗಳನ್ನು ಬೆಳಗಿನ ಆಹಾರವಾಗಿ ತಿನ್ನಲು ಹೋಗುವ ದಿನಗಳಲ್ಲಿ, ಅದರಲ್ಲೂ ಮರ ದೂರದಲ್ಲಿದ್ದರೆ, ಹೆಣ್ಣು ಚಿಂಪಾಂಜಿಗಳು ಬೆಳಕು ಹರಿಯುವ ಮೊದಲೇ ಗೂಡು ಬಿಟ್ಟು ಹೊರಡುತ್ತಿದ್ದವು.

ಇದೇ ಸಾಮರ್ಥ್ಯವನ್ನು ಬಹಳ ಹಿಂದೆಯೇ, 1973ರಲ್ಲಿ, ಎಮಿಲ್ ಮೆಂಜೆಲ್ ಒಂದು ಸರಳ ಪ್ರಯೋಗದಲ್ಲಿ ತೋರಿಸಿದ್ದರು. ಒಂದು ಎಳೆಯ ಚಿಂಪಾಂಜಿಯನ್ನು ಎತ್ತಿಕೊಂಡು ಬಯಲಿನಲ್ಲೆಲ್ಲ ಸುತ್ತಾಡಿಸುತ್ತಾ 18 ಕಡೆ ತಿನಿಸು ಅಡಗಿಸಲಾಯಿತು. ನಂತರ ಬಿಟ್ಟಾಗ ಅದು ಅಡಗಿಸಿದ ಕ್ರಮವನ್ನು ಅನುಸರಿಸದೆ, ಹತ್ತಿರದಿಂದ ಹತ್ತಿರಕ್ಕೆ ಹೋಗುತ್ತಾ, ದಾರಿ ಉಳಿಯುವಂತೆ ಒಂದೊಂದನ್ನೇ ಆರಿಸಿಕೊಂಡಿತು. ಹಣ್ಣನ್ನೂ ತರಕಾರಿಯನ್ನೂ ಬೆರೆಸಿ ಅಡಗಿಸಿದಾಗ ಹಣ್ಣಿರುವ ಜಾಗಗಳಿಗೆ ಮೊದಲು ಹೋಯಿತು. ಅಂದರೆ ಅದರ ಮನಸ್ಸಿನಲ್ಲಿದ್ದುದು ತಾನು ಸಾಗಿದ ಹಾದಿಯ ಬರಿಯ ಅಚ್ಚಾಗಿರಲಿಲ್ಲ. ಬೇಕಾದಂತೆ ಮರುಜೋಡಿಸಿಕೊಳ್ಳಬಹುದಾದ ಒಂದು ನಕ್ಷೆಯೇ ಅಲ್ಲಿತ್ತು.

ಒಮ್ಮೆ ಮಾತ್ರ ನೋಡಿದ್ದು ನೆನಪಿರುತ್ತದೆಯೇ?

ಮನಸ್ಸಿಗೆ ತಾಕುವಂತಿದ್ದರೆ ಇರುತ್ತದೆ. ಫುಮಿಹಿರೊ ಕಾನೊ ಮತ್ತು ಸತೋಶಿ ಹಿರಾಟಾ ಅವರು 2015ರಲ್ಲಿ ಚಿಂಪಾಂಜಿ ಮತ್ತು ಬೊನೊಬೊಗಳಿಗೆ ತಾವೇ ತಯಾರಿಸಿದ ಕಿರುಚಿತ್ರಗಳನ್ನು ತೋರಿಸಿದರು. ಅದರಲ್ಲಿ ವಾನರ ವೇಷ ತೊಟ್ಟವನೊಬ್ಬ ಎರಡು ಬಾಗಿಲುಗಳಲ್ಲಿ ಒಂದರಿಂದ ಹಠಾತ್ತನೆ ನುಗ್ಗಿ ಬಂದು ಮನುಷ್ಯನ ಮೇಲೆ ಎರಗುತ್ತಾನೆ. 24 ಗಂಟೆಗಳ ನಂತರ ಅದೇ ಚಿತ್ರವನ್ನು ಮತ್ತೆ ತೋರಿಸಿದಾಗ, ಅವನು ಬರುವುದಕ್ಕೆ ಮೊದಲೇ ವಾನರಗಳ ಕಣ್ಣು ಆ ಬಾಗಿಲಿನತ್ತ ಹೋಗಿತ್ತು.

ಅವು ಏನನ್ನು ಮರೆಯುತ್ತವೆ? ಮರೆವಿನ ಬಗ್ಗೆ ಯಾರೂ ಹೇಳುವುದಿಲ್ಲವಲ್ಲ?

ದೂರು ನ್ಯಾಯವಾದದ್ದು. ಪತ್ರಿಕೆಗಳಿಗೆ ನೆನಪು ಸುದ್ದಿಯಾಗುತ್ತದೆ, ಮರೆವು ಆಗುವುದಿಲ್ಲ. ಆದರೆ ಮರೆವಿನ ರೀತಿಯನ್ನು ನೋಡಿದಾಗಲೇ ಅವುಗಳ ಮನಸ್ಸು ನಮ್ಮ ಮನಸ್ಸಿಗೆ ಎಷ್ಟು ಸಮೀಪವೆಂಬುದು ಇನ್ನಷ್ಟು ಸ್ಪಷ್ಟವಾಗುತ್ತದೆ.

ಮೊದಲನೆಯದು, ಗಮನ ತಪ್ಪಿದಾಗ ಆಗುವ ಮರೆವು. ಕ್ರಿಸ್ಟೋಫ್ ಫೋಲ್ಟರ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಚಿಂಪಾಂಜಿಗಳು ಹಲವು ಡಬ್ಬಿಗಳಲ್ಲಿ ತಿನಿಸು ಹುಡುಕಬೇಕಿತ್ತು, ಈಗಾಗಲೇ ತೆರೆದು ನೋಡಿದ ಡಬ್ಬಿಯನ್ನು ಮತ್ತೆ ತೆರೆಯಬಾರದು. ಅವು ನಾಲ್ಕಕ್ಕೂ ಹೆಚ್ಚು ಆಯ್ಕೆಗಳನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಹುಡುಕಿದವು. ಆದರೆ ನಡುವೆ ಇಂಥದೇ ಇನ್ನೊಂದು ಹುಡುಕಾಟವನ್ನು ತಂದಿಟ್ಟಾಗ ತಪ್ಪುಗಳು ಹೆಚ್ಚಿದವು. ಅಡುಗೆಮನೆಗೆ ಹೋಗಿ ಯಾಕೆ ಬಂದೆನೆಂದು ನಿಂತುಬಿಡುವ ನಮಗೆ ಇದು ಹೊಸತಲ್ಲ.

ಎರಡನೆಯದು, ಒಂದು ನೆನಪು ಇನ್ನೊಂದನ್ನು ಮಸುಕುಗೊಳಿಸುವುದು. ಒಂದೇ ರೀತಿಯ ಘಟನೆಗಳು ಹಲವು ಬಾರಿ ನಡೆದಾಗ, ಇವತ್ತಿನದು ಯಾವುದು, ನಿನ್ನೆಯದು ಯಾವುದು ಎಂಬ ಗೆರೆ ಅಳಿಸುತ್ತದೆ. ವಿಶಿಷ್ಟವಾದ ಘಟನೆ ಉಳಿಯುತ್ತದೆ, ದಿನನಿತ್ಯದ್ದು ಒಂದರೊಳಗೊಂದು ಬೆರೆತುಹೋಗುತ್ತದೆ. ಮೂರನೆಯದು ಮೇಲೆ ಹೇಳಿದ ಸುಳಿವಿನ ಮಾತು: ಕೋಣೆಯೋ ಮುಖವೋ ಬದಲಾದರೆ ಒಳಗಿರುವ ನೆನಪೂ ಮೇಲೆ ಬಾರದೆ ಹೋಗಬಹುದು, ಮತ್ತು ಹೊರಗಿನಿಂದ ನೋಡುವವರಿಗೆ ಅದು ಮರೆವಿನಂತೆಯೇ ಕಾಣುತ್ತದೆ. ಒಂದು ಪ್ರಯೋಗದಲ್ಲಿ ವಾನರ ಸೋತಿತೆಂದ ಮಾತ್ರಕ್ಕೆ ಅದು ಮರೆತಿದೆ ಎಂದು ತೀರ್ಮಾನಿಸುವವರು ಅವಸರ ಮಾಡುತ್ತಿದ್ದಾರೆ ಎಂದೇ ನನ್ನ ಭಾವನೆ.

ಕಾಡಿನ ಬದುಕಿಗೆ ಮರೆವು ಬೇಕೂ ಹೌದು. ಖಾಲಿಯಾದ ಮರದ ನೆನಪು ಹಣ್ಣಿರುವ ಮರದ ನೆನಪಿನಷ್ಟೇ ಬಲವಾಗಿ ಉಳಿದರೆ ಪ್ರಾಣಿಯು ಹಸಿದು ಅಲೆಯಬೇಕಾಗುತ್ತದೆ. ಹಳೆಯ ಮಾಹಿತಿ ಹಿಂದೆ ಸರಿದು ಹೊಸದಕ್ಕೆ ಜಾಗ ಬಿಡುವುದು ನೆನಪಿನ ವ್ಯವಸ್ಥೆಯ ಕೆಲಸದ ಭಾಗವೇ.

ಇನ್ನು ಅಷ್ಟು ಸುಲಭವಾಗಿ ಮರೆಯದ ಸಂಗತಿಯೆಂದರೆ ಕಲಿತ ವಿದ್ಯೆ. 1970ರ ದಶಕದಲ್ಲಿ ಚಿಹ್ನೆಗಳ ಭಾಷೆಯನ್ನು ಕಲಿತ ಲಾನಾ ಎಂಬ ಚಿಂಪಾಂಜಿ, ಬಳಕೆ ತಪ್ಪಿ 20 ವರ್ಷಗಳಿಗೂ ಹೆಚ್ಚು ಕಾಲ ಕಳೆದಿದ್ದ ಕೆಲವು ಚಿಹ್ನೆಗಳ ಅರ್ಥವನ್ನು ಮರುಪರೀಕ್ಷೆಯಲ್ಲಿ ಸರಿಯಾಗಿ ಗುರುತಿಸಿದ್ದು 2000ದಲ್ಲಿ ವರದಿಯಾಯಿತು.

ವಯಸ್ಸಾದಂತೆ ಅವುಗಳಿಗೂ ನಮ್ಮ ಅಜ್ಜ ಅಜ್ಜಿಯರಂತೆ ಮರೆವು ಬರುತ್ತದೆಯೇ? ಆಲ್ಝೈಮರ್ ಕಾಯಿಲೆ ಬರುತ್ತದೆಯೇ?

ಮನೆಯಲ್ಲಿ ಮರೆವಿನ ಕಾಯಿಲೆಯ ಹಿರಿಯರನ್ನು ನೋಡಿಕೊಳ್ಳುತ್ತಿರುವವರು ಈ ಪ್ರಶ್ನೆಯನ್ನು ಕೇಳುತ್ತಾರೆ, ಆದ್ದರಿಂದ ಅಳೆದು ಹೇಳಬೇಕು. ವಯಸ್ಸಿನೊಂದಿಗೆ ಮಹಾವಾನರಗಳ ನೆನಪು, ಮತ್ತು ಅದಕ್ಕಿಂತ ಹೆಚ್ಚಾಗಿ ಹಳೆಯ ರೂಢಿಯನ್ನು ಬಿಟ್ಟು ಹೊಸದಕ್ಕೆ ಹೊಂದಿಕೊಳ್ಳುವ ಶಕ್ತಿ, ಕುಗ್ಗುತ್ತದೆ. ಮೇಲೆ ಹೇಳಿದ ಹಣ್ಣಿನ ರಸದ ಪ್ರಯೋಗದಲ್ಲಿಯೂ ಬಹಳ ಚಿಕ್ಕವು ಮತ್ತು ಬಹಳ ವಯಸ್ಸಾದವುಗಳಿಗಿಂತ ನಡುವಯಸ್ಸಿನವು ಚೆನ್ನಾಗಿ ನಿರ್ವಹಿಸಿದವು. ಗಿನಿ ದೇಶದ ಬೊಸ್ಸೂವಿನಲ್ಲಿ 17 ವರ್ಷಗಳ ವಿಡಿಯೊ ದಾಖಲೆಯನ್ನು ಪರಿಶೀಲಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುದಿ ಚಿಂಪಾಂಜಿಗಳು ಕಲ್ಲಿನಿಂದ ಕಾಯಿ ಒಡೆಯುವ ಕೆಲಸಕ್ಕೆ ಬರುವುದೇ ಕಡಿಮೆಯಾದದ್ದೂ, ಯೊ ಎಂಬ ಹೆಣ್ಣು ಒಂದು ಕಾಯಿಯನ್ನು ಒಡೆಯಲು ಮೊದಲಿಗಿಂತ ಬಹಳ ಹೆಚ್ಚು ಹೊತ್ತು ತೆಗೆದುಕೊಳ್ಳತೊಡಗಿದ್ದೂ ಕಂಡುಬಂತು. ಎಲ್ಲವುಗಳ ಗತಿಯೂ ಒಂದೇ ಆಗಿರಲಿಲ್ಲ. ಅದೇ ವಯಸ್ಸಿನ ಕೆಲವು ಚುರುಕಾಗಿಯೇ ಉಳಿದವು.

ಮೆದುಳಿನ ವಿಷಯಕ್ಕೆ ಬಂದರೆ, ಮೆಲಿಸಾ ಎಡ್ಲರ್ ಮತ್ತು ಸಂಗಡಿಗರು 37ರಿಂದ 62 ವರ್ಷದೊಳಗೆ ತೀರಿಕೊಂಡಿದ್ದ 20 ಚಿಂಪಾಂಜಿಗಳ ಮೆದುಳನ್ನು ಪರೀಕ್ಷಿಸಿ, ಆಲ್ಝೈಮರ್ ರೋಗದಲ್ಲಿ ಕಾಣುವ ಅಮಿಲಾಯ್ಡ್ ಎಂಬ ಪ್ರೋಟೀನಿನ ಶೇಖರಣೆ ಮತ್ತು ಟೌ ಎಂಬ ಇನ್ನೊಂದು ಪ್ರೋಟೀನಿನ ಗಂಟುಗಳು ಕೆಲವುಗಳಲ್ಲಿ ಇದ್ದುದನ್ನು 2017ರಲ್ಲಿ ವರದಿ ಮಾಡಿದರು. ಅಮಿಲಾಯ್ಡ್ ಹೆಚ್ಚಾಗಿ ರಕ್ತನಾಳಗಳ ಗೋಡೆಗಳಲ್ಲಿತ್ತು. ಆದರೆ ಮನುಷ್ಯರಲ್ಲಿ ಕಾಣುವಂತೆ ಮನೆಮಂದಿಯನ್ನೇ ಗುರುತಿಸಲಾಗದಷ್ಟು ತೀವ್ರವಾದ ಮರೆವಿನ ಕಾಯಿಲೆ ಮಹಾವಾನರಗಳಲ್ಲಿ ಖಚಿತವಾಗಿ ದಾಖಲಾಗಿಲ್ಲ.

ತನ್ನ ತಾಯಿಯನ್ನು ಬೇಟೆಗಾರರು ಕೊಂದ ಕಥೆಯನ್ನು ಒಂದು ಗೊರಿಲ್ಲಾ ಸನ್ನೆಯಲ್ಲಿ ಹೇಳಿತಂತೆ, ನಂಬಬಹುದೇ?

ಇದು ಪ್ರಸಿದ್ಧ ಗೊರಿಲ್ಲಾ ಕೊಕೊಳ ಜೊತೆಗಿದ್ದ ಮೈಕೆಲ್‌ನ ಬಗ್ಗೆ ಹಬ್ಬಿರುವ ಮಾತು. ಅವನ ಬಿಡಿಬಿಡಿ ಸನ್ನೆಗಳನ್ನು ಒಂದು ಕಥೆಯಾಗಿ ಜೋಡಿಸಿದವರು ಅವನನ್ನು ಸಾಕಿದವರು, ಮತ್ತು ಮರಿ ಗೊರಿಲ್ಲಾಗಳನ್ನು ಹಿಡಿಯಲು ತಾಯಂದಿರನ್ನು ಕೊಲ್ಲುವುದು ಅವರಿಗೆ ಮೊದಲೇ ತಿಳಿದಿತ್ತು. ಕೇಳುವವರಿಗೆ ಉತ್ತರ ಮುಂಚೆಯೇ ಗೊತ್ತಿರುವ ಸಂದರ್ಭದಲ್ಲಿ ಸನ್ನೆಯ ಅರ್ಥವನ್ನು ಪುರಾವೆಯೆಂದು ಒಪ್ಪಲಾಗದು. ಪ್ಯಾನ್ಜಿಯ ಪ್ರಯೋಗದಲ್ಲಿ ಏನೂ ತಿಳಿಯದ ಪಾಲಕರನ್ನೇ ಒಳಗೆ ಕಳುಹಿಸಿದ್ದು ಇದೇ ಕಾರಣಕ್ಕೆ.

ಅನುಭವಿಸಿದ ನೋವು ನೆನಪಿನಲ್ಲಿ ಉಳಿಯುತ್ತದೆಯೇ?

ಉಳಿಯುತ್ತದೆ ಎಂದು ನಂಬಲು ಬಲವಾದ ಕಾರಣಗಳಿವೆ. ಪ್ರಯೋಗಾಲಯಗಳಿಂದ ಅಥವಾ ಅಕ್ರಮ ಸಾಗಣೆದಾರರಿಂದ ಬಿಡಿಸಿ ತಂದ ಚಿಂಪಾಂಜಿಗಳಲ್ಲಿ ಖಿನ್ನತೆ ಮತ್ತು ಆಘಾತೋತ್ತರ ಒತ್ತಡದ ಲಕ್ಷಣಗಳು ಕಾಡಿನ ಚಿಂಪಾಂಜಿಗಳಿಗಿಂತ ಬಹಳ ಹೆಚ್ಚಾಗಿ ಕಂಡುಬಂದದ್ದನ್ನು ಹೋಪ್ ಫರ್ಡೌಸಿಯನ್ ಮತ್ತು ಸಂಗಡಿಗರು 2011ರಲ್ಲಿ ವರದಿ ಮಾಡಿದ್ದಾರೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು ಚಿಂಪಾಂಜಿಗಳ ಮೇಲಿನ ವೈದ್ಯಕೀಯ ಪ್ರಯೋಗಗಳಿಗೆ ಬೆಂಬಲವನ್ನು 2015ರಲ್ಲಿ ನಿಲ್ಲಿಸಿತು. ನನ್ನ ಅಭಿಪ್ರಾಯದಲ್ಲಿ ಅದು ಇನ್ನೂ ಬೇಗ ಆಗಬೇಕಿತ್ತು.

ಆನೆಯ ನೆನಪು ದೊಡ್ಡದೋ, ವಾನರದ್ದೋ?

ದಸರಾ ಆನೆಗಳ ಊರಿನಲ್ಲಿ ಈ ಪ್ರಶ್ನೆ ಬರುವುದು ಸಹಜ. ಎರಡನ್ನೂ ಒಂದೇ ಅಳತೆಗೋಲಿನಲ್ಲಿ ಅಳೆದಿಲ್ಲ. ಆನೆಯ ಲೋಕದಲ್ಲಿ ವಾಸನೆ ಮತ್ತು ದೂರದ ಸದ್ದು ಮುಖ್ಯ, ವಾನರದ ಲೋಕದಲ್ಲಿ ಕಣ್ಣು ಮತ್ತು ಮುಖ ಮುಖ್ಯ. ಆದ್ದರಿಂದ ಪೈಪೋಟಿ ಏರ್ಪಡಿಸುವುದರಲ್ಲಿ ಅರ್ಥವಿಲ್ಲ.

ಮೈಸೂರಿನ ಪೋಲೊ ಗೊರಿಲ್ಲಾಗೆ ತನ್ನ ಹಳೆಯ ಊರು ನೆನಪಿದ್ದಿರಬಹುದೇ?

ಐರ್ಲೆಂಡಿನ ಡಬ್ಲಿನ್ ಮೃಗಾಲಯದಿಂದ 1995ರಲ್ಲಿ ಬಂದ ಪೋಲೊ, ಬಹುಕಾಲ ಸ್ವಜಾತಿಯ ಜೊತೆಯಿಲ್ಲದೆ ಇಲ್ಲಿಯೇ ಬದುಕಿ 2014ರಲ್ಲಿ ತೀರಿಕೊಂಡಿತು. ಅದನ್ನು ನೋಡಲೆಂದೇ ಚಾಮರಾಜನಗರ, ಮಂಡ್ಯ, ಹಾಸನದಿಂದ ಬಂದವರು ಎಷ್ಟೋ ಮಂದಿ. ಗೊರಿಲ್ಲಾ ಗುಂಪಿನಲ್ಲಿ ಬದುಕುವ ಪ್ರಾಣಿ. ಚಿಂಪಾಂಜಿ, ಬೊನೊಬೊಗಳಲ್ಲಿ ಕಂಡದ್ದನ್ನು ಆಧಾರವಾಗಿ ಇಟ್ಟುಕೊಂಡು ಹೇಳುವುದಾದರೆ, ಹಳೆಯ ಜೊತೆಗಾರರು ಎದುರಿಗೆ ಬಂದಿದ್ದರೆ ಪೋಲೊ ಅವರನ್ನು ಗುರುತಿಸುತ್ತಿತ್ತು ಎಂದು ನಿರೀಕ್ಷಿಸುವುದು ಅತಿಯಾಗದು. ಯಾರೂ ಎದುರಿಗೆ ಬಾರದ ದಿನಗಳಲ್ಲಿ ಅದು ಅವರನ್ನು ನೆನೆದು ಕೊರಗುತ್ತಿತ್ತು ಎಂದು ಹೇಳುವುದು ಬೇರೆಯೇ ಮಾತು, ಅದಕ್ಕೆ ಆಧಾರವಿಲ್ಲ. ಆದರೆ ಗುರುತು ದಶಕಗಳ ಕಾಲ ಉಳಿಯುತ್ತದೆ ಎಂದ ಮೇಲೆ, ಯಾರನ್ನು ಯಾರಿಂದ ಬೇರ್ಪಡಿಸಿ ಎಲ್ಲಿಗೆ ಕಳುಹಿಸುತ್ತೇವೆ ಎಂಬ ತೀರ್ಮಾನ ಬರಿಯ ಸಾಗಾಟದ ವಿಷಯವಾಗಿ ಉಳಿಯುವುದಿಲ್ಲ. 2021ರಲ್ಲಿ ಜರ್ಮನಿಯಿಂದ ತಾಬೊ ಮತ್ತು ಡೆಂಬಾ ಎಂಬ ಎರಡು ಗಂಡು ಗೊರಿಲ್ಲಾಗಳನ್ನು ಜೊತೆಯಾಗಿಯೇ ಮೈಸೂರಿಗೆ ತಂದದ್ದನ್ನು ಈ ಕಾರಣಕ್ಕಾಗಿ ನಾನು ಮೆಚ್ಚುತ್ತೇನೆ.

ನಾನು ಆಗಾಗ ಹೋಗುತ್ತೇನೆ. ಅವು ನನ್ನನ್ನು ಗುರುತಿಸುತ್ತವೆಯೇ?

ಗುರುತಿಸಬಹುದು, ಆದರೆ ಆ ಗುರುತನ್ನು ಸ್ನೇಹವೆಂದು ತಿಳಿಯಬಾರದು. ರಾಟರ್‌ಡ್ಯಾಮ್ ಮೃಗಾಲಯದಲ್ಲಿ ಬೊಕಿಟೊ ಎಂಬ ಗೊರಿಲ್ಲಾವನ್ನು ನೋಡಲು ವಾರಕ್ಕೆ ಹಲವು ಸಲ ಬರುತ್ತಿದ್ದ ಮಹಿಳೆಯೊಬ್ಬರು ಅದರ ಕಣ್ಣಲ್ಲಿ ಕಣ್ಣಿಟ್ಟು ನಗುತ್ತಿದ್ದರು, ತಮ್ಮಿಬ್ಬರ ನಡುವೆ ನಂಟು ಬೆಳೆದಿದೆ ಎಂದು ನಂಬಿದ್ದರು. 2007ರ ಮೇ ತಿಂಗಳಲ್ಲಿ ಆವರಣದಿಂದ ಹೊರಬಂದ ಬೊಕಿಟೊ ಅವರ ಮೇಲೆಯೇ ಎರಗಿ ತೀವ್ರವಾಗಿ ಗಾಯಗೊಳಿಸಿತು. ಗೊರಿಲ್ಲಾಗಳ ನಡುವೆ ದಿಟ್ಟಿಸಿ ನೋಡುವುದು ಸವಾಲಿನ ಸೂಚನೆ. ಸ್ವೀಡನ್ನಿನ ಫುರುವಿಕ್ ಮೃಗಾಲಯದ ಸಾಂಟಿನೊ ಎಂಬ ಚಿಂಪಾಂಜಿಯಂತೂ, ಪ್ರೇಕ್ಷಕರು ಬರುವುದಕ್ಕೆ ಮುನ್ನವೇ ಕಲ್ಲುಗಳನ್ನು ಆರಿಸಿ ಗುಡ್ಡೆ ಹಾಕಿಟ್ಟು, ಬಂದ ಮೇಲೆ ಅವರತ್ತ ಎಸೆಯುತ್ತಿದ್ದುದನ್ನು ಮಥಿಯಾಸ್ ಓಸ್ವಾತ್ 2009ರಲ್ಲಿ ವಿವರಿಸಿದ್ದಾರೆ. ಗಾಜು ಬಡಿಯುವುದು, ಕೂಗಿ ಕರೆಯುವುದು, ಅಣಕಿಸುವುದು ಇವನ್ನೆಲ್ಲ ಮಕ್ಕಳು ಮಾಡದಂತೆ ನೋಡಿಕೊಳ್ಳಿ. ದೊಡ್ಡವರೇ ಮಾಡುವುದನ್ನು ಕಂಡಾಗಲಂತೂ ಬೇಸರವಾಗುತ್ತದೆ.

ಶಾಲಾ ಮಕ್ಕಳೊಂದಿಗೆ ಹೋದಾಗ ನೆನಪಿಗೆ ಸಂಬಂಧಿಸಿದ ಏನನ್ನಾದರೂ ಗಮನಿಸಬಹುದೇ?

ಗಮನಿಸಬಹುದು, ತಾಳ್ಮೆ ಬೇಕು. ಎಲ್ಲ ಪ್ರಾಣಿಗಳನ್ನೂ ಮುಗಿಸಬೇಕೆಂಬ ಓಟವನ್ನು ಬಿಟ್ಟು ಒಂದೇ ಆವರಣದ ಮುಂದೆ ಅರ್ಧ ಗಂಟೆ ಕುಳಿತುಕೊಳ್ಳಲು ಹೇಳಿ. ಆಹಾರ ಕೊಡುವ ಹೊತ್ತು ಹತ್ತಿರವಾದಂತೆ ಪ್ರಾಣಿ ಯಾವ ಬಾಗಿಲಿನತ್ತ ನೋಡುತ್ತದೆ, ಪಾಲಕರು ಕಣ್ಣಿಗೆ ಬೀಳುವ ಮೊದಲೇ ಎದ್ದು ಹೋಗಿ ನಿಲ್ಲುತ್ತದೆಯೇ, ಹಿಂದೆ ತಿನಿಸು ಸಿಕ್ಕಿದ ಮೂಲೆಯನ್ನು ಮತ್ತೆ ಹೋಗಿ ಪರಿಶೀಲಿಸುತ್ತದೆಯೇ, ಪಾಲಕರನ್ನೂ ಪ್ರೇಕ್ಷಕರನ್ನೂ ಒಂದೇ ರೀತಿ ನೋಡುತ್ತದೆಯೇ ಎಂಬುದನ್ನು ಗಡಿಯಾರದ ಸಮಯದೊಂದಿಗೆ ಬರೆದಿಡಲಿ. “ಬೇಸರವಾಗಿತ್ತು”, “ಖುಷಿಯಾಗಿತ್ತು” ಎಂಬ ತೀರ್ಮಾನಗಳ ಬದಲು ಕಂಡದ್ದನ್ನಷ್ಟೇ ಬರೆಯುವಂತೆ ಹೇಳಿ. ತೀರ್ಮಾನದ ಚರ್ಚೆ ತರಗತಿಗೆ ಹಿಂದಿರುಗಿದ ಮೇಲೆ ನಡೆಯಲಿ. ಎರಡನೆಯ ಭೇಟಿಯಲ್ಲಿ ಅದೇ ಆವರಣ, ಅದೇ ಹೊತ್ತನ್ನು ಆರಿಸಿಕೊಂಡರೆ ಹೋಲಿಸಲು ಅನುಕೂಲ. ಮಂಗಳವಾರ ಮೃಗಾಲಯಕ್ಕೆ ವಾರದ ರಜೆ ಇರುತ್ತದೆ, ಭಾನುವಾರ ಜನಸಂದಣಿ ಹೆಚ್ಚು. ವಾರದ ನಡುವಿನ ಬೆಳಗಿನ ಹೊತ್ತು ಒಳ್ಳೆಯದು.